ಬಾಯಿ ಬಿಡದೆ ಕೂತ ನಾಲ್ಕು ನಿಮಿಷ

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಸಾಫ್ಟ್‌ವೇರ್ ಬಳಸಿ ನೋಡಲು ಬಂದವರು ಎಷ್ಟು ತಡವರಿಸಿದರೂ ನಾವು ಬಾಯಿ ಬಿಡಬಾರದು. ಪಕ್ಕದಲ್ಲಿ ಕೂತು ಅವರು ಎಲ್ಲಿ ಎಡವುತ್ತಾರೆ ಎಂದು ಬರೆದುಕೊಳ್ಳಬೇಕು, ಅಷ್ಟೆ. ಹೊಸದಾಗಿ ಸೇರಿದವರಿಗೆಲ್ಲ ನಾನು ಇದನ್ನು ಮಹಾ ವೇದಾಂತಿಯ ಹಾಗೆ ಬೋಧಿಸುತ್ತಿದ್ದೆ.

ಜೆ.ಪಿ. ನಗರದ ಒಂದು ಮಹಡಿ ಕೋಣೆಯಲ್ಲಿ ನಾವು ಮೂವರು, ತಮ್ಮ ಪುಸ್ತಕವನ್ನು ತಾವೇ ಇ-ಪುಸ್ತಕ ಮಾಡಿಕೊಳ್ಳುವ ಲೇಖಕರಿಗಾಗಿ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಫೈಲ್ ತೆರೆದು ‘ಅಚ್ಚುಕಟ್ಟು ಮಾಡಿ’ ಎಂಬ ಬಟನ್ ಒತ್ತಿದರೆ ಸಾಕು, ತುಂಡು ಸಾಲುಗಳು ಕೂಡಿಕೊಂಡು, ಖಾಲಿ ಜಾಗಗಳು ಮಾಯವಾಗಿ ಪುಸ್ತಕ ತಯಾರು. ‘ಖಂಡಿತವೇ?’ ಎಂದು ಕೇಳಿದರೆ ವಯಸ್ಸಾದವರು ಹೆದರುತ್ತಾರೆಂದು ಆ ಪ್ರಶ್ನೆಯನ್ನೇ ತೆಗೆದಿದ್ದೆವು. ಬದಲಾದದ್ದು ಮೂಲ ಫೈಲಿನಲ್ಲೇ ತಾನಾಗಿ ಉಳಿಯುತ್ತಿತ್ತು. ಎಲ್ಲ ನನ್ನದೇ ಬುದ್ಧಿವಂತಿಕೆ.

ಬನಶಂಕರಿಯಿಂದ ನಿವೃತ್ತ ಶಿಕ್ಷಕಿಯೊಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. ಅದರಲ್ಲಿ ಅವರ ಅಕ್ಕ ಹಾಡುತ್ತಿದ್ದ ಸೋಬಾನೆ ಪದಗಳಿದ್ದವು. ಪ್ರತಿ ಭಾನುವಾರ ಬಸ್ಸಿನಲ್ಲಿ ಉತ್ತರಹಳ್ಳಿಗೆ ಹೋಗಿ, ಅಕ್ಕನ ಎದುರು ಕೂತು ಬರೆದುಕೊಂಡವು. ಫೋನಿನಲ್ಲಿ ರೆಕಾರ್ಡ್ ಮಾಡಲು ಹೋದರೆ ಅಕ್ಕನಿಗೆ ನಾಚಿಕೆಯಾಗಿ ಹಾಡೇ ಬರುತ್ತಿರಲಿಲ್ಲವಂತೆ. ಅದಕ್ಕೇ ಅಕ್ಕ ಉಸಿರು ತೆಗೆದುಕೊಂಡಲ್ಲೆಲ್ಲ ಸಾಲು ಮುರಿದು, ಪದ ಮರೆತು ಬರೀ ಗುನುಗಿದಲ್ಲಿ ಒಂದು ಸಾಲು ಖಾಲಿ ಬಿಟ್ಟು ಟೈಪ್ ಮಾಡಿದ್ದರು. ಅಕ್ಕ ಕಳೆದ ಶ್ರಾವಣದಲ್ಲಿ ತೀರಿಕೊಂಡಿದ್ದರು. ಕಾಫಿ ಕುಡಿಯುತ್ತ ಇಷ್ಟೆಲ್ಲ ಹೇಳಿದರು. ಕೇಳಿಸಿಕೊಂಡೆ, ತಲೆಗೆ ಹೋಗಲಿಲ್ಲ. ಬೇರೆ ಪ್ರತಿ ಇದೆಯೇ ಎಂದೂ ಕೇಳಲಿಲ್ಲ.

ಅವರು ಬಟನ್ ಒತ್ತಿದರು. ಹಾಡುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಪ್ಯಾರಾಗಳಾದವು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಏನು ಹಾಳಾಯಿತೆಂದು ಆಗ ನನಗೆ ತಿಳಿಯಿತು. ಫೈಲ್ ಮುಚ್ಚುವವರೆಗೂ ಹಳೆಯದನ್ನು ವಾಪಸ್ ತರಬಹುದಿತ್ತು, ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ‘ಗೊಂದಲವಾಗಿದೆ’ ಎಂದು ಬರೆದುಕೊಂಡೆ. ಒಳ್ಳೆಯ ಅಂಶ ಸಿಕ್ಕಿತೆಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಮುಗಿದ ಮೇಲೆ ಹೇಳಿದರಾಯಿತು ಅಂದುಕೊಂಡೆ. ನಾಲ್ಕು ನಿಮಿಷ ಹಾಗೇ ಕೂತೆ. ಅಷ್ಟರಲ್ಲಿ ಅವರು ಫೈಲ್ ಮುಚ್ಚಿ, ಕೈಕಟ್ಟಿ ಕೂತುಬಿಟ್ಟರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು. ಮೂವರೂ ಎರಡು ದಿನ ತಡಕಾಡಿದೆವು. ಹಳೆಯ ಫೈಲ್ ಸಿಗಲಿಲ್ಲ. ಅವರಿಗೆ ಫೋನ್ ಮಾಡಿ ಹೇಳಿದೆ. ಬೇರೆ ಪ್ರತಿ ಇರಲಿಲ್ಲ, ಕೈಬರಹದ ಹಾಳೆಗಳನ್ನೂ ಟೈಪ್ ಆದಮೇಲೆ ರದ್ದಿಗೆ ಹಾಕಿದ್ದರಂತೆ.

“ನಂದೇ ತಪ್ಪಪ್ಪ. ನಂಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ. ನಿಮ್ ಸಾಫ್ಟ್‌ವೇರ್ ಚೆನ್ನಾಗೇ ಇದೆ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರಂಥವರಿಗೆ ಸುಲಭವಾಗಲೆಂದೇ ಮಾಡಿದ್ದು, ಅವರನ್ನೇ ದಡ್ಡರನ್ನಾಗಿಸಿ ಮನೆಗೆ ಕಳಿಸಿತ್ತು.

ತಿಂಗಳ ನಂತರ, ಸಾಲುಗಳು ಅಂಟಿಕೊಂಡ ಆ ಫೈಲನ್ನೇ ಹಿಡಿದು ಅವರ ಮನೆಗೆ ಹೋದೆ. ಅವರು ಹಾಡುವುದು, ನಿಲ್ಲಿಸಿದಲ್ಲಿ ನಾನು ಸಾಲು ಮುರಿಯುವುದು ಎಂದು ಮಾತಾಯಿತು. ಸಣ್ಣ ದನಿಯಲ್ಲಿ ಶುರು ಮಾಡಿದರು. ಎರಡು ಹಾಡು ಮುಗಿಯಿತು. ಮೂರನೆಯದರ ನಡುವೆ ನಿಂತು, ಮೊದಲಿನಿಂದ ಹೇಳಿ, ಮತ್ತೆ ಅಲ್ಲೇ ನಿಂತರು. ಆಮೇಲೆ ಕೀಬೋರ್ಡಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಸಾಕು ಬಿಡಿ. ಇದು ನನ್ನ ಉಸಿರು. ಅಕ್ಕ ಎಲ್ಲಿ ನಿಲ್ಲಿಸ್ತಿದ್ಲೋ, ನಂಗೆ ಮರ್ತೇ ಹೋಗಿದೆ.”