ಮೂರನೆಯ ಕೂಗಿಗೆ ಬಂದ ಉತ್ತರ

ದೆವ್ವ, ಗಾಳಿ, ಇಲ್ಲದವರ ದನಿ ಎಂದು ಯಾರಾದರೂ ಮಾತು ತೆಗೆದರೆ ಒಂದು ಕಾಲಕ್ಕೆ ನನಗೆ ನಗು ಬರುತ್ತಿತ್ತು. ಎಷ್ಟು ದೂರದಿಂದ ಕಂಡಿರಿ, ಬೆಳಕು ಎಷ್ಟಿತ್ತು, ಜೊತೆಗೆ ಯಾರಿದ್ದರು ಎಂದು ಪಾಟೀಸವಾಲು ಹಾಕಿ ಹೇಳಿದವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ; ನಡೆದದ್ದನ್ನು ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಕಾನೂನು ಓದು ಮುಗಿಸಿ ಕೂಡ್ಲಿಗಿಯಲ್ಲಿ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿ ಸೇರಿದ್ದೆ. ಕಲಿಯುವುದು ಎಂದರೆ ಹಳೆಯ ಕಡತ ನೋಡಿ ಹೊಸ ದಾವೆ ಬರೆಯುವುದು, ಬೈಸಿಕೊಳ್ಳುವುದು, ಮತ್ತೆ ಬರೆಯುವುದು. ಆಫೀಸಿನಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ಹೆಣ್ಣುಮಕ್ಕಳನ್ನು ಸಾಕ್ಷಿಗೆ ತಯಾರು ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತಿತ್ತು.

ಗುಡೇಕೋಟೆ ಕಡೆಯ ರೇಣುಕ ನಮ್ಮಲ್ಲಿಗೆ ಬಂದದ್ದು ಆಗಲೇ. ಗಂಡ ಕೊಟ್ರೇಶ ಸರ್ಕಾರಿ ಶಾಲೆಯ ಜವಾನ. ಕೊಟ್ಟೂರಿಗೆ ಹೋಗಿ ಬರುತ್ತೇನೆಂದು ಹೊರಟವನು ಏಳು ವರ್ಷವಾದರೂ ಬಂದಿರಲಿಲ್ಲ. ಅಷ್ಟು ಕಾಲ ಸುದ್ದಿಯಿಲ್ಲದವನನ್ನು ಸತ್ತವನೆಂದು ಕೋರ್ಟು ತೀರ್ಮಾನಿಸಬಹುದು. ಹಾಗಾದರೆ ಅವನ ಕೆಲಸ ರೇಣುಕಳಿಗೆ ಸಿಗುತ್ತಿತ್ತು. ಎರಡು ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಹೋಗುತ್ತಿದ್ದ ಅವಳಿಗೆ ಬೇರೆ ದಾರಿಯಿರಲಿಲ್ಲ. ಆದರೆ ಅದಕ್ಕೆ ಕೊಟ್ರೇಶನ ತಾಯಿ ತಿಪ್ಪಮ್ಮ ಕಟಕಟೆಯಲ್ಲಿ ನಿಂತು, ಮಗನ ಸುದ್ದಿಯೇ ಇಲ್ಲ ಎಂದು ಹೇಳಬೇಕಿತ್ತು.

ದಾವೆ ಬರೆದವಳು ನಾನು. ಮನೆಮಂದಿಯನ್ನೆಲ್ಲ ಪ್ರತಿವಾದಿ ಮಾಡಿದ್ದ ಹಳೆಯ ಆಸ್ತಿ ಪಾಲಿನ ದಾವೆಯೊಂದನ್ನು ಮುಂದಿಟ್ಟುಕೊಂಡು ಬರೆಯುತ್ತ, ಪ್ರತಿವಾದಿಗಳ ಪಟ್ಟಿಯಲ್ಲಿ ಶಿಕ್ಷಣ ಇಲಾಖೆಯ ಜೊತೆಗೆ ಕೊಟ್ರೇಶನ ಹೆಸರನ್ನೂ ಸೇರಿಸಿಬಿಟ್ಟಿದ್ದೆ. ಸೀನಿಯರ್ ನೋಡುವಷ್ಟರಲ್ಲಿ ದಾವೆ ದಾಖಲಾಗಿ ಹೋಗಿತ್ತು. "ಸತ್ತಾನಂತ ದಾವೆ ಹಾಕಿ ಅವಗೇ ಸಮನ್ಸ್ ಕಳಿಸೀಯಲ್ಲವ್ವ, ಭೇಷ್ ಐತಿ ನಿನ್ನ ವಕೀಲಿಕಿ" ಎಂದರು. ಆಫೀಸೆಲ್ಲ ನಕ್ಕಿತು. ಇರಲಿ ಬಿಡು, ಪೇಪರಿನಲ್ಲಿ ನೋಟೀಸು ಕೊಡೋಣ, ಕೋರ್ಟಿನಲ್ಲಿ ಕೂಗಿಸೋಣ, ಬರಲಿಲ್ಲವೆಂದು ಬರೆಸಿಕೊಂಡು ಮುಂದೆ ಹೋಗೋಣ ಎಂದು ಅವರೇ ದಾರಿ ತೋರಿಸಿದರು.

ಆ ದಿನ ಹನ್ನೊಂದೂವರೆಯ ಸುಮಾರು, ಸುಡು ಬಿಸಿಲು. ತಿಪ್ಪಮ್ಮ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಏನು ಹೇಳಬೇಕೆಂದು ಕೊನೆಯ ಸಲ ಹೇಳಿಕೊಡುತ್ತಿದ್ದೆ. "ಸತ್ತಾನ ಅಂತ ನನ್ ಬಾಯಾಗ ಬರಂಗಿಲ್ಲ ತಾಯಿ" ಎಂದಳು. "ಅದು ಬ್ಯಾಡವ್ವ, ಸುದ್ದಿ ಇಲ್ಲ ಅಂದ್ರ ಸಾಕು" ಎಂದೆ. ಅಷ್ಟರಲ್ಲಿ ಕೋರ್ಟಿನ ದಫೇದಾರ ಬಾಗಿಲಿಗೆ ಬಂದು ಕೊಟ್ರೇಶನ ಹೆಸರು, ಅವನ ತಂದೆಯ ಹೆಸರು ಹಿಡಿದು ಕೂಗಿದ. ಎರಡನೆಯ ಸಲ ಕೂಗಿದ. ಮೂರನೆಯ ಕೂಗು ಮುಗಿಯುತ್ತಿದ್ದಂತೆ ವರಾಂಡದ ತುದಿಯಿಂದ "ಬಂದೆ, ತಡೀರಿ" ಎಂದು ಒಂದು ಗಂಡುದನಿ ಕೇಳಿಸಿತು. ಅವಸರದಲ್ಲಿ ನಡೆದು ಬರುತ್ತಿರುವವನ, ಸ್ವಲ್ಪ ಏದುಸಿರಿನ ದನಿ.

ನಾನೇ ಎದ್ದು ಹೋಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆಚೆ ಬರೀ ಕಾಂಪೌಂಡ್ ಗೋಡೆ, ಅದಕ್ಕೆ ಒರಗಿಸಿಟ್ಟ ಒಂದು ಸೈಕಲ್ಲು. ತಿರುಗಿ ಬಂದರೆ ತಿಪ್ಪಮ್ಮ ಎದ್ದು ನಿಂತಿದ್ದಳು. ನನ್ನ ಕೈ ಹಿಡಿದಳು. ಆ ಬಿಸಿಲಿನಲ್ಲೂ ಅವಳ ಅಂಗೈ ತಣ್ಣಗಿತ್ತು.

"ನೀನೂ ಕೇಳಿದೆಲ್ಲ ತಾಯಿ? ನಮ್ ಕೊಟ್ರ ಅದು."

ಒಳಗೆ ಸೀನಿಯರ್ ಪಕ್ಕದಲ್ಲಿ ನಿಂತಿದ್ದ ರೇಣುಕ ತೆರೆದ ಬಾಗಿಲಿನ ಮೂಲಕ ನಮ್ಮನ್ನೇ ನೋಡುತ್ತಿದ್ದಳು. ನಾನು ಹೂಂ ಅಂದಿದ್ದರೆ ಈ ತಾಯಿ ಕಟಕಟೆ ಹತ್ತುತ್ತಿರಲಿಲ್ಲ. "ಇಲ್ಲವ್ವ, ನನಗೇನೂ ಕೇಳಿಸಲಿಲ್ಲ" ಎಂದೆ. "ಓದಿದಾಕಿ ನೀನು. ನೀನ ಕೇಳಿಲ್ಲ ಅಂದ್ರ ನಂದ ಭ್ರಮಿ ಬಿಡು" ಎಂದು ಕೈ ಬಿಟ್ಟಳು. ಒಳಗೆ ಹೋಗಿ, ಕೇಳಿದ್ದಕ್ಕೆಲ್ಲ ನಾನು ಹೇಳಿಕೊಟ್ಟಂತೆಯೇ ಉತ್ತರ ಹೇಳಿದಳು.

ತೀರ್ಪು ರೇಣುಕಳ ಪರವಾಯಿತು, ಕೆಲಸವೂ ಸಿಕ್ಕಿತು. ನನ್ನ ಕಿವಿಯ ತಪ್ಪೇ ಇರಬೇಕೆಂದು ನಾನೂ ಸಮಾಧಾನ ಮಾಡಿಕೊಂಡೆ. ನಾಲ್ಕೈದು ವರ್ಷ ಕಳೆದ ಮೇಲೆ ದಫೇದಾರ ನಿವೃತ್ತನಾದ ದಿನ, ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದಾಗ, ಅವನೇ ನನ್ನ ಹತ್ತಿರ ಬಂದು ಮೆಲ್ಲಗೆ ಮಾತು ತೆಗೆದ. "ಗುಡೇಕೋಟಿ ಕೇಸಿನಾಗ ಬಂದೆ ಅಂತ ಒಂದು ದನಿ ಬಂತಲ್ರೀ ಮೇಡಂ, ನಿಮಗೂ ಕೇಳಿತ್ತೇನ್ರಿ? ನಾ ಹೊರಳಿ ನೋಡಿದ್ರ ಯಾರೂ ಇದ್ದಿಲ್ಲ."

ನನಗೂ ಕೇಳಿಸಿತ್ತೆಂದು ತಿಪ್ಪಮ್ಮನಿಗೆ ಹೇಳಲು ಆ ಭಾನುವಾರವೇ ಅವಳ ಊರಿಗೆ ಹೋದೆ. ತಿಪ್ಪಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ರೇಣುಕ ಕೂರಿಸಿ ಉಪಚಾರ ಮಾಡಿದಳು. ನಾನು ಬಂದ ಕಾರಣ ಹೇಳುವ ಮೊದಲೇ ಅವಳೇ ಅತ್ತೆಯ ಮಾತು ತೆಗೆದು, ಬಹಳ ಉಪಕಾರವಾಯಿತೆಂಬಂತೆ ಹೇಳಿದಳು: "ನಿಮ್ಮಿಂದ ಅತ್ತಿ ಜೀವಕ್ಕ ಸಮಾಧಾನ ಆತ್ರೀ. ಮಗ ಬರ್ತಾನಂತ ಏಳು ವರ್ಷ ರಾತ್ರಿ ಬಾಗಿಲಾ ಹಾಕಾಕ ಬಿಟ್ಟಿದ್ದಿಲ್ಲ. ಕೋರ್ಟಿಂದ ಬಂದ ದಿನ ತಾನ ಎದ್ದು ಚಿಲಕ ಹಾಕಿದ್ಲು."

ಆ ದನಿ ಯಾರದು, ಎಲ್ಲಿಂದ ಬಂತು, ನನಗೆ ಇವತ್ತಿಗೂ ಗೊತ್ತಿಲ್ಲ. ಕೊಟ್ರೇಶನ ಸುದ್ದಿ ಇದುವರೆಗೂ ಯಾರಿಗೂ ಸಿಕ್ಕಿಲ್ಲ. ಕೋರ್ಟಿನಲ್ಲಿ ಹೆಸರು ಕೂಗಿದ ದಿನ ರಾತ್ರಿ ಅವನು ಮನೆಯ ತನಕ ಬಂದೇ ಬಂದಿದ್ದರೆ ಎಂದು ಮಾತ್ರ ಒಮ್ಮೊಮ್ಮೆ ಅನಿಸುತ್ತದೆ. ಬಾಗಿಲು ಹಾಕಿತ್ತು.