ಬಂಡೆಗೆ ಹೋದ ಇರುವೆ ಸಾಲು

ಕೆಟಲ್‌ ತಳಕ್ಕೆ ಹತ್ತಿದ ಬಿಳಿ ಪದರ ಬಿಡಿಸಲು ಮೊನ್ನೆ ವಿನೆಗರ್ ಕುದಿಸಿದೆ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಸ್ವಿಚ್ ಆರಿಸಿ ಕುಳಿತುಬಿಟ್ಟೆ. ಇರುವೆ ಗೂಡಿನ ಮೇಲೆ ಅಂಗೈ ಬಡಿದರೆ ಏಳುವ ವಾಸನೆಯೂ ಹೀಗೆಯೇ ಇರುತ್ತದೆ. ಕೆಳಗಿನ ಮನೆಯ ಅಕ್ಕ ನೆನಪಾದರು.

ಎರಡು ಸಾವಿರದ ಐದೋ ಆರೋ ಇರಬೇಕು. ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ ಓದುತ್ತಿದ್ದ ನನಗೆ ಬೇಸಿಗೆಗೆ ಒಂದು ಕೆಲಸ ಸಿಕ್ಕಿತ್ತು: ಊರಂಚಿನ ಕಾಡಿನ ಇರುವೆ ಗೂಡುಗಳನ್ನೂ ಅವು ಓಡಾಡುವ ದಾರಿಗಳನ್ನೂ ನಕ್ಷೆಗೆ ಇಳಿಸುವುದು. ಅಲ್ಲಿನ ಕೆಂಪಿರುವೆಗಳು ಪೈನ್ ಮರದ ಒಣಗಿದ ಸೂಜಿಯೆಲೆಗಳನ್ನು ಸೊಂಟದೆತ್ತರಕ್ಕೆ ರಾಶಿ ಹಾಕಿ ಗೂಡು ಮಾಡುತ್ತವೆ. ಅಲ್ಲಿಂದ ಹೊರಡುವ ಪ್ರತಿ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಸರಿಯುತ್ತ, ಪುಟ್ಟ ಬಾವುಟ ಚುಚ್ಚುತ್ತ, ಜಿಪಿಎಸ್‌ನಲ್ಲಿ ಗುರುತು ಹಾಕಬೇಕು. ಸೊಳ್ಳೆಕಾಟ ಬೇರೆ. ಸಾಲುಗಳೆಲ್ಲ ಕೊನೆಗೆ ಯಾವುದಾದರೊಂದು ಮರ ಹತ್ತುತ್ತಿದ್ದವು. ಮೇಲಿನ ಸಸ್ಯಹೇನುಗಳು ಒಸರುವ ಸಿಹಿಯೇ ಅವಕ್ಕೆ ಊಟ. ಒಂದು ಸಾಲು ಮಾತ್ರ ಮರಗಳನ್ನೆಲ್ಲ ಬಿಟ್ಟು ಕಾಲುದಾರಿ ಪಕ್ಕದ ಬೋಳು ಬಂಡೆಗೆ ಹೋಗುತ್ತಿತ್ತು. ಏಕೆಂದು ತಿಳಿಯದೆ ತಲೆ ಕೆಟ್ಟುಹೋಯಿತು.

ಮರುದಿನ ಬೆಳಗ್ಗೆ ಬೇಗ ಹೋದೆ. ಬಂಡೆಯ ಮುಂದೆ ಕೆಳಗಿನ ಮನೆಯ ಅಕ್ಕ, ಆರು ತಿಂಗಳ ಬಸುರಿ, ಮಂಡಿಯೂರಿ ಸಕ್ಕರೆ ಬೆರೆಸಿದ ರವೆ ಉದುರಿಸುತ್ತಿದ್ದರು. ಬೆಂಗಳೂರಿನವರು, ಗಂಡನದು ಸಾಫ್ಟ್‌ವೇರ್ ಕೆಲಸ. ಅದಾಗಲೇ ಎರಡು ಸಲ ಗರ್ಭ ನಿಂತಿರಲಿಲ್ಲ. ಹೆರಿಗೆಯಾಗುವವರೆಗೆ ದಿನಾ ಇರುವೆಗೆ ಸಿಹಿ ಹಾಕಿ ಎಂದು ಊರಿನ ಜೋಯಿಸರು ಫೋನಿನಲ್ಲಿ ಹೇಳಿದ್ದರಂತೆ. ನಮ್ಮ ಕಟ್ಟಡದಲ್ಲಿ ಹುಡುಕಿದರೂ ಒಂದು ಇರುವೆ ಸಿಗುತ್ತಿರಲಿಲ್ಲ, ಅದಕ್ಕೇ ಕಾಡಿಗೆ ಬಂದಿದ್ದರು. ನನ್ನ ಕೆಲಸವೆಲ್ಲ ಕೆಡುತ್ತಿದೆ ಎಂದು ರೇಗಿದೆ. ಅವರು ಏಳಲಿಲ್ಲ.

"ನಿನ್ನ ಮ್ಯಾಪ್ ನೆಕ್ಸ್ಟ್ ಸಮ್ಮರ್ ಮತ್ತೆ ಮಾಡ್ಬಹುದು ಕಣೇ," ಅಂದರು. "ನಂಗೆ ಇದೇ ಲಾಸ್ಟ್ ಅಂತ ಡಾಕ್ಟ್ರು ಹೇಳಿದಾರೆ."

ಆ ಸಾಲನ್ನೂ ನಕ್ಷೆಯಲ್ಲಿ ಎಳೆದು, ಮನುಷ್ಯರು ಹಾಕಿದ ಆಹಾರ ಎಂದು ಪಕ್ಕದಲ್ಲಿ ಬರೆದೆ.

ಏಳನೇ ತಿಂಗಳಲ್ಲಿ ಅವರು ಹಾಸಿಗೆ ಬಿಟ್ಟು ಏಳಕೂಡದು ಎಂದಾಯಿತು. ರವೆ ಡಬ್ಬಿ ನನ್ನ ಕೈಗೆ ಬಂತು. ಇಂಥದರಲ್ಲೆಲ್ಲ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೂ ದಿನಾ ಹಾಕಿದೆ, ಜ್ವರ ಬಂದಾಗಲೂ ಹೋಗಿ ಹಾಕಿದೆ. ಸಂಜೆ ಅವರಿಗೆ ವರದಿ ಒಪ್ಪಿಸಬೇಕಿತ್ತು, ಇರುವೆ ಬಂದವಾ, ಎಲ್ಲ ಹೊತ್ತುಕೊಂಡು ಹೋದವಾ... ಕೇಳುವಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿರುತ್ತಿದ್ದರು.

ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು ಮಗು.

ಅವರು ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಗಂಡ ಟೀ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅಲ್ಲೇ ಉಳಿದರು. ಅಕ್ಕ ನನ್ನ ಮಣಿಕಟ್ಟು ಹಿಡಿದು ಕೇಳಿದರು, "ಒಂದಿನಾನೂ ತಪ್ಪಿಸ್ಲಿಲ್ವಾ?"

"ಇಲ್ಲ ಅಕ್ಕ, ದೇವ್ರಾಣೆಗೂ ಇಲ್ಲ," ಅಂದೆ. ಅವರಿಗೆ ಸಮಾಧಾನವಾಗಲಿ ಎಂದೇ ಅಷ್ಟು ಗಟ್ಟಿಯಾಗಿ ಹೇಳಿದ್ದು.

ಅವರ ಮುಖ ಇನ್ನಷ್ಟು ಇಳಿದುಹೋಯಿತು. "ತಪ್ಪಿಸಿದ್ದಿದ್ರೆ ಚೆನ್ನಾಗಿತ್ತು ಕಣೇ... ನಿನ್ನನ್ನಾದ್ರೂ ಬೈಕೋತಿದ್ದೆ. ಈಗ ಯಾರನ್ನ ಬೈಲಿ?"

ಹಿಮ ಬೀಳುವ ಮೊದಲೇ ಅವರಿಬ್ಬರೂ ಬೆಂಗಳೂರಿಗೆ ವಾಪಸಾದರು. ಆಮೇಲೆ ಮಾತುಕತೆಯೂ ನಿಂತುಹೋಯಿತು... ಅಕ್ಕ ತೀರಿಕೊಂಡು ಬಹಳ ಕಾಲವಾಯಿತೆಂದು ಈಚೆಗೆ ಯಾರೋ ಹೇಳಿದರು.

ಆಗಿನ ಅವರ ವಯಸ್ಸನ್ನು ನಾನು ಈಗ ದಾಟಿದ್ದೇನೆ. ಒಂದು ದಿನ ಮರೆತುಬಿಟ್ಟೆ ಅಕ್ಕ ಎಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಬಾಯಿಗೆ ಬಂದಂತೆ ಬೈಯುತ್ತಿದ್ದರು, ಬೈಸಿಕೊಳ್ಳುತ್ತಿದ್ದೆ. ಈಗ ಹೇಳೋಣವೆಂದರೆ ಅವರೇ ಇಲ್ಲ.