ಬಜ್ಜಿ ಬಸ್ಸಿನ ಎಣ್ಣೆ

ಉತ್ತರ ಗೊತ್ತಿದ್ದ ಪ್ರಶ್ನೆಯೊಂದನ್ನು ತುಂಬಿದ ಸಭೆಯಲ್ಲಿ ಕೇಳಿ, ಒಬ್ಬ ಹೆಣ್ಣುಮಗಳ ಕೆಲಸವನ್ನೂ ಮರ್ಯಾದೆಯನ್ನೂ ಹಾಳುಮಾಡಿದವನು ನಾನು. ಆಮೇಲೆ 'ಛೆ, ಹೀಗಾಗಬಾರದಿತ್ತು' ಎಂದು ಎಲ್ಲರ ಜೊತೆ ತಲೆಯಾಡಿಸಿದವನೂ ನಾನೇ. ಹತ್ತು ವರ್ಷ ಇದನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ಬಸವನಗುಡಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಹೊಂಗೆ ಎಂದರೆ ನನಗೆ ಹುಚ್ಚು. ಹೊಂಗೆ ಬೀಜದ ಎಣ್ಣೆಯಿಂದ ಇಂಧನ ಮಾಡಿ ಕಾಲೇಜು ಬಸ್ಸು ಓಡಿಸೋಣ ಎಂದು ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದೆ. ಬೀದಿ ತುಂಬ ಹೊಂಗೆ ಮರ ಇಟ್ಟುಕೊಂಡು ಹಡಗಿನಲ್ಲಿ ತೈಲ ತರಿಸುವುದು ಯಾವ ಜಾಣತನ? ಆಡಳಿತ ಮಂಡಳಿಯವರು ನಗುತ್ತಿದ್ದರು, ಕಾಫಿ ಕೊಟ್ಟು ಕಳಿಸುತ್ತಿದ್ದರು.

ಅಷ್ಟರಲ್ಲಿ ರಸಾಯನಶಾಸ್ತ್ರ ಕಲಿಸಲು ನಾಗರತ್ನ ಬಂದರು. ತರಕಾರಿ ಮಂಡಿ ಇಟ್ಟಿದ್ದ ಮನೆಯವರು. ದನಿ ಗಟ್ಟಿ, ನಗು ಅದಕ್ಕಿಂತ ಗಟ್ಟಿ. "ಸಾರ್, ನಿಮ್ ಹೊಂಗೆ ಬೀಜ ಆರ್ಸೋಕೆ ಜನ ಬೇಕು, ಹಿಂಡೋಕೆ ಗಾಣ ಬೇಕು. ಇಲ್ಲಿ ಬೋಂಡ ಕರಿದ ಎಣ್ಣೆ ಸುಮ್ನೆ ಮೋರಿಗೆ ಹೋಗ್ತಿದೆ. ಅದನ್ನೇ ತರೋಣ ಬನ್ನಿ" ಅಂದರು. ಅವರ ಮಾತು ಸರಿಯಾಗಿತ್ತು. ಸರಿಯಾಗಿತ್ತು ಎನ್ನುವುದಕ್ಕೇ ನನಗೆ ಹೊಟ್ಟೆ ಉರಿಯಿತು.

ಆದರೂ ಹೋದೆ. ಗಾಂಧಿಬಜಾರಿನ ದರ್ಶಿನಿಗಳು, ಕುರುಕಲು ತಿಂಡಿಯ ಅಂಗಡಿಗಳು, ಮದುವೆ ಛತ್ರಗಳು — ಎಲ್ಲ ಕಡೆಗೂ ಅವರ ಜೊತೆ ಕ್ಯಾನು ಹಿಡಿದು ತಿರುಗಿದೆ. ಪ್ರಯೋಗಾಲಯದ ಹಿಂದಿನ ಶೆಡ್ಡಿನಲ್ಲಿ ಅವರು ಅದನ್ನು ಸೋಸಿ, ಹದ ಮಾಡಿ, ಡೀಸೆಲ್ಲಿಗೆ ಬೆರೆಸಿದರು. ಬಸ್ಸು ಓಡಿಯೇಬಿಟ್ಟಿತು! ಅದು ಹಾದುಹೋದ ಬೀದಿಯೆಲ್ಲ ಕೋಡುಬಳೆ ವಾಸನೆ. ಕಾಲೇಜಿನ ಹುಡುಗಿಯರು 'ಬಜ್ಜಿ ಬಸ್ಸು' ಎಂದು ಹೆಸರಿಟ್ಟರು. ನಮ್ಮ ಎದುರುಮನೆಯ ರಾಯರು ಮಾತ್ರ ಏಕಾದಶಿ ದಿನ ಗೇಟಿಗೆ ಬಂದು, "ಉಪವಾಸ ಇರೋರ ಮನೆ ಮುಂದೆ ಯಾಕ್ರೀ ತರ್ತೀರಿ ಇದನ್ನ?" ಎಂದು ರೇಗಿದರು. ಪತ್ರಿಕೆಯವರು ಬಂದು ಫೋಟೋ ತೆಗೆದರು. ಫೋಟೋದ ನಡುವೆ ನಾಗರತ್ನ. ನಾನು ಹಿಂದಿನ ಚಕ್ರದ ಪಕ್ಕ, ಅರ್ಧ ಮುಖ.

ಉಳಿದ ಬಸ್ಸುಗಳಿಗೂ ಇದೇ ಇಂಧನ, ಉಸ್ತುವಾರಿ ನಾಗರತ್ನ ಅವರದೇ — ಇದನ್ನು ತೀರ್ಮಾನಿಸಲು ಸಭೆ ಸೇರಿತು. ಎಲ್ಲರೂ ಒಪ್ಪುವಂತೆಯೇ ಇತ್ತು. ಆಗ ನಾನು ಕನ್ನಡಕ ಒರೆಸುತ್ತಾ, ಯಾರ ಮುಖವನ್ನೂ ನೋಡದೆ ಕೇಳಿದೆ: "ಎಲ್ಲ ಸರಿ. ಆದ್ರೆ ಅದು ಯಾವ ಹೋಟೆಲ್ ಎಣ್ಣೆ?"

ಅಷ್ಟೇ. ಸಭೆ ತಣ್ಣಗಾಯಿತು. ನಾಗರತ್ನ ಅವರ ಮನೆಯಲ್ಲಿ ಮಾಂಸ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ — ಹೇಳುವ ಅಗತ್ಯವೇ ಇಲ್ಲದ ಹಾಗೆ ಕೇಳಿದ್ದೆ. ಅವರು ಗಾಬರಿಯಾಗದೆ ಅಂದರು, "ಸಾರೂ ಪ್ರತಿ ಸಲ ಬರ್ತಿದ್ರಲ್ಲ, ಅವ್ರನ್ನೇ ಕೇಳಿ." ಎಲ್ಲರೂ ನನ್ನತ್ತ ತಿರುಗಿದರು.

"ನಾನು ಒಂದೋ ಎರಡೋ ಸಲ ಹೋಗಿದ್ದೆ, ಅಷ್ಟೆ" ಅಂದೆ.

ಸುಳ್ಳು! ಪ್ರತಿ ಕ್ಯಾನಿನ ಒಂದು ಹಿಡಿಕೆ ಅವರ ಕೈಯಲ್ಲಿದ್ದರೆ ಇನ್ನೊಂದು ನನ್ನ ಕೈಯಲ್ಲಿತ್ತು. ಬಂದದ್ದೆಲ್ಲ ಸಸ್ಯಾಹಾರಿ ಅಡುಗೆಮನೆಗಳ ಎಣ್ಣೆಯೇ. ಅದಿರಲಿ, ಕಬಾಬು ಕರಿದ ಎಣ್ಣೆಯೇ ಆಗಿದ್ದರೂ ಏನಾಗುತ್ತಿತ್ತು? ಅದೂ ಸೂರ್ಯಕಾಂತಿಯದೇ, ಕುಡಿಯುವುದು ಎಂಜಿನ್ನು. ಸಸ್ಯಶಾಸ್ತ್ರದ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೇ — ಗೊತ್ತಿತ್ತು, ಎಲ್ಲವೂ ಗೊತ್ತಿತ್ತು.

ಮಾತು ಊರೆಲ್ಲ ಸುತ್ತಿತು. ದೇವಸ್ಥಾನದ ಬೀದಿಗೆ ಆ ಬಸ್ಸು ಬೇಡ ಎಂದರು. ಮಕ್ಕಳ ಮನೆಯವರು ಫೋನು ಮಾಡಿದರು. ಬಸ್ಸು ಬರೀ ಡೀಸೆಲ್ಲಿಗೆ ಮರಳಿತು. ನಾಗರತ್ನ ಶೇಷಾದ್ರಿಪುರದ ಇನ್ನೊಂದು ಕಾಲೇಜಿಗೆ ಹೊರಟುಹೋದರು. ನನ್ನ ಹೊಂಗೆಯನ್ನಂತೂ ಯಾರೂ ಕೇಳಲಿಲ್ಲ. ತೈಲದ ರಾಜಕೀಯ ದೊಡ್ಡ ದೇಶಗಳ ಕುತಂತ್ರ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನಾನು — ಎಂಥ ನಾಚಿಕೆಗೇಡು.

ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುವುದೇ ಎಲ್ಲರ ಬಾಯಲ್ಲಿ. ಬೆಳಗ್ಗೆ ಪಾರ್ಕಿನಲ್ಲಿ ಒಬ್ಬರು ರೈತರಿಗೆ ಒಳ್ಳೆಯದು ಎನ್ನುತ್ತಾರೆ, ಇನ್ನೊಬ್ಬರು ತಿನ್ನೋ ಜೋಳ ಸುಡ್ತಾರಲ್ರೀ ಎನ್ನುತ್ತಾರೆ, ಮತ್ತೊಬ್ಬರಿಗೆ ಸ್ಕೂಟರಿನ ಮೈಲೇಜಿನ ಚಿಂತೆ. ಈ ಗಲಾಟೆಯ ನಡುವೆ ಕಾಲೇಜಿನ ಹೊಸ ಆಡಳಿತದವರಿಗೆ ಬಜ್ಜಿ ಬಸ್ಸು ನೆನಪಾಯಿತು. ನಾಗರತ್ನ ಅವರನ್ನು ಕರೆದರು, ಹಳಬನೆಂದು ನನ್ನನ್ನೂ.

ಸಭೆಗೆ ಮೊದಲು ಚಾಮರಾಜಪೇಟೆಯಲ್ಲಿದ್ದ ನಾಗರತ್ನ ಅವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ — ಹೊಟ್ಟೆಕಿಚ್ಚು, ಆ ಫೋಟೋ, ಆ ಸುಳ್ಳು. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ನಂಗೆ ಹೇಳಿ ಏನ್ ಪ್ರಯೋಜನ ಸಾರ್? ನಂಗೆ ಅವತ್ತೇ ಗೊತ್ತಿತ್ತು. ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲೇ ನಿಜ ಹೇಳಿ."

ಹೇಳಿದೆ. ಅದೇ ಹಾಲ್, ಎದ್ದು ನಿಂತು. ಹಳೆಯ ಸದಸ್ಯರೊಬ್ಬರು ಮುಖ ತಿರುಗಿಸಿದರು. ನಾಗರತ್ನ ನನ್ನತ್ತ ನೋಡಲೂ ಇಲ್ಲ. ಈ ಸಲ ಮಾಂಸದ ಹೋಟೆಲುಗಳೂ ಸೇರಿ ಎಲ್ಲ ಹೋಟೆಲುಗಳಿಂದಲೂ ಎಣ್ಣೆ ತರುವುದೆಂದು ಖಡಾಖಂಡಿತವಾಗಿ ಹೇಳಿದರು. ವಾದ ನಡೆಯಿತು, ಜೋರಾಗಿಯೇ. ಕೊನೆಗೆ ಮಂಡಳಿಯವರು ಒಪ್ಪಿದರು. ಆಮೇಲೆ ಯಾರು ಎಲ್ಲಿಂದ ಎಣ್ಣೆ ತರಬೇಕೆಂದು ನಾಗರತ್ನ ಅವರೇ ಹಂಚಿದರು.

"ಸಾರ್, ನಿಮ್ಗೆ ನಮ್ಮ ಚಾಮರಾಜಪೇಟೆ ಮಿಲಿಟರಿ ಹೋಟೆಲ್" ಅಂದು ನಕ್ಕರು. ಆ ಗಟ್ಟಿ ನಗು — ಹತ್ತು ವರ್ಷದ ಮೇಲೆ ಕೇಳಿದೆ. ಕ್ಷಮಿಸಿದ್ದಾರೆಯೋ ಇಲ್ಲವೋ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.

ಜನ್ಮದಲ್ಲಿ ಮಿಲಿಟರಿ ಹೋಟೆಲಿನ ಮೆಟ್ಟಿಲು ಹತ್ತಿದವನಲ್ಲ ನಾನು. ಹತ್ತಿದೆ. ಮಾಲೀಕರು "ಬನ್ನಿ ಸ್ವಾಮಿ, ಊಟಾನಾ?" ಎಂದರು. ಎಣ್ಣೆಗೆ ಬಂದೆ ಎಂದಾಗ ಅಡುಗೆಯವರನ್ನು ಕರೆದು ಕ್ಯಾನು ತುಂಬಿಸಿಕೊಟ್ಟರು. ಬೆಳಗ್ಗೆ ಕಾಲೇಜಿಗೆ ಒಯ್ಯಲೆಂದು ಆಟೋದಲ್ಲಿ ಅದನ್ನು ತಂದು ನಮ್ಮ ಬೀದಿಯಲ್ಲಿ ಇಳಿಸುತ್ತಿದ್ದಾಗ ಎದುರುಮನೆಯ ರಾಯರು ಗೇಟಿಗೆ ಬಂದರು. ಈಗ ಕೋಲು ಹಿಡಿದಿದ್ದಾರೆ, ದನಿ ಮಾತ್ರ ಹಾಗೇ ಇದೆ.

"ಏನ್ರೀ ಮೇಷ್ಟ್ರೇ, ಯಾವ ಹೋಟೆಲ್ ಎಣ್ಣೆ ಅದು?"

ಕನ್ನಡಕ ಒರೆಸಲು ಹೋದ ಕೈಯನ್ನು ತಡೆದೆ. "ಚಾಮರಾಜಪೇಟೆ ಮಿಲಿಟರಿ ಹೋಟೆಲ್‌ದು ರಾಯರೇ" ಎಂದೆ, ಬೀದಿಗೆಲ್ಲ ಕೇಳುವ ಹಾಗೆ.